ಎರಡು ಜೀರೋ ಟಿಕೆಟ್

ಕುರ್ಡಿಯಿಂದ ಮಾನ್ವಿಗೆ ಬಸ್ಸಿನಲ್ಲಿ ಹೊರಟಿದ್ದೆ. ಮೈ ತುಂಬಾ ದಪ್ಪ ಇರುವ ಅಕ್ಕ ಒಬ್ಬರು ಹತ್ತಿದರು. ಹಿಂದಿನ ಸೀಟಿನಿಂದ ಒಬ್ಬಾತ, "ಈಯಮ್ಮಗ ಎರಡು ಜೀರೋ ಟಿಕೆಟ್ ಕೊಡ್ರಿ" ಅಂದ. ಬಸ್ಸೆಲ್ಲ ನಕ್ಕಿತು. ಅಕ್ಕನೂ ನಕ್ಕರು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ.

ಮಾನ್ವಿಯಲ್ಲಿ ಇಳಿದ ಮೇಲೆ ಅವರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ತಮ್ಮಾ, ನೀ ಪೇಪರ್‌ನವ ಅಲ್ಲೇನು? ಬೆಂಗಳೂರಾಗ ಆಪರೇಷನ್ ಮಾಡಿ ಕೊಬ್ಬು ತೆಗಿತಾರಂತಲ್ಲ, ಎಷ್ಟು ರೊಕ್ಕ ಆಗ್ತದ? ನಮ್ಮ ಮನ್ಯಾಗ ಮಾತ್ರ ಹೇಳಬ್ಯಾಡ."

ಆ ಕೊನೆಯ ಮಾತು ಕೇಳಿ ಎದೆ ಧಸಕ್ ಅಂತು. 'ಗೀತಾ', 'ದೊರೆಸಾನಿ' ಧಾರಾವಾಹಿಗಳಲ್ಲಿ ನಟಿಸಿದ್ದ ಚೇತನಾ ರಾಜ್ ನೆನಪಿರಬಹುದು. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡರು. ವಯಸ್ಸು ಬರೀ 21. ಹೆತ್ತವರಿಗೆ ತಿಳಿಸದೆ ಹೋಗಿದ್ದರು ಎಂದು ಆಗ ಸುದ್ದಿಯಾಗಿತ್ತು. ಅವರದು ಬೊಜ್ಜಿನ ಕಾಯಿಲೆಯೂ ಅಲ್ಲ. ತೆಳ್ಳಗೆ ಕಾಣಬೇಕೆಂಬ ಒತ್ತಡ ಅಷ್ಟಿರುತ್ತದೆ.

ಇಲ್ಲಿ ಒಂದು ವಿಷಯ ತಿಳಿದಿರಲಿ. ಚರ್ಮದಡಿಯ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಲೈಪೋಸಕ್ಷನ್ ಅಂದಕ್ಕಾಗಿ ಮಾಡುವಂಥದ್ದು. ಅದು ವಿಪರೀತ ಬೊಜ್ಜಿಗೆ ಮದ್ದಲ್ಲ. ಅದಕ್ಕೆ ಇರುವುದು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ. ಅದರಲ್ಲೊಂದು ಬಗೆಯಲ್ಲಿ ಜಠರದ ಮುಕ್ಕಾಲು ಭಾಗವನ್ನೇ ಕತ್ತರಿಸಿ ತೆಗೆಯುತ್ತಾರೆ. ಆಮೇಲೆ ಒಂದು ಹೊತ್ತಿಗೆ ಸ್ವಲ್ಪವೇ ಉಣ್ಣಬೇಕು, ವಿಟಮಿನ್ ಮಾತ್ರೆ ಜೀವನವಿಡೀ ನುಂಗಬೇಕು. ಎಲ್ಲರಿಗೂ ಇದು ಬೇಕಾಗುವುದಿಲ್ಲ. ಆರೋಗ್ಯ ವಿಮೆಯ ನಿಯಮದಲ್ಲಿ ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ತೊಂದರೆ ಇರಬೇಕು. ಐದಡಿ ಎತ್ತರದವರಿಗೆ ಬಿಎಂಐ 40 ಅಂದರೆ ಸುಮಾರು 93 ಕೆಜಿ.

ಅಗತ್ಯ ಇದ್ದವರಿಗೆ ಇದರಿಂದ ಒಳ್ಳೆಯದಾಗುತ್ತದೆ. ತೂಕ ಇಳಿಯುತ್ತದೆ, ಎಷ್ಟೋ ಜನರ ಶುಗರ್ ಹತೋಟಿಗೆ ಬರುತ್ತದೆ. ಆದರೆ ಕತ್ತರಿ ಹಾಕುವುದು ಹೊಟ್ಟೆಗೆ ಮಾತ್ರ. ದುಃಖವಾದಾಗ ಉಂಡು ಸಮಾಧಾನ ಮಾಡಿಕೊಳ್ಳುತ್ತಿದ್ದವರಿಗೆ ಆ ದಾರಿಯೂ ಮುಚ್ಚುತ್ತದೆ. ಕೆಲವರು ಕುಡಿತಕ್ಕೆ ಬೀಳುತ್ತಾರೆ, ಕೆಲವರು ಖಿನ್ನತೆಗೆ ಜಾರುತ್ತಾರೆ. ಜೋತುಬಿದ್ದ ಚರ್ಮ ನೋಡಿ ನಾಚಿಕೊಳ್ಳುವವರಿದ್ದಾರೆ. ವರ್ಷಗಳ ಮೇಲೆ ತೂಕ ಮತ್ತೆ ಏರುವುದೂ ಉಂಟು. ಅದಕ್ಕೇ ಆಪರೇಷನ್‌ಗೆ ಮೊದಲು ಮನಸ್ಸಿನ ತಪಾಸಣೆ ಆಗಬೇಕು, ಆಮೇಲೆ ಮನೆಯವರ ಆಸರೆ ಬೇಕು. ಕದ್ದುಮುಚ್ಚಿ ಮಾಡಿಸಿಕೊಂಡವರಿಗೆ ಆ ಆಸರೆ ಎಲ್ಲಿಂದ ಬರಬೇಕು?

ನಮ್ಮ ಕಡೆ ನಡೆಯುವುದೇ ಬೇರೆ. ಮದುವೆ ಊಟದಲ್ಲಿ "ಇನ್ನೊಂದು ಹೋಳಿಗಿ ತಗೊ" ಎಂದು ಒತ್ತಾಯ ಮಾಡುವವರೂ ನಾವೇ, ಕೈ ತೊಳೆಯುವಾಗ "ಎಷ್ಟು ಉಣ್ತಾಳಪ್ಪ" ಎಂದು ಆಡಿಕೊಳ್ಳುವವರೂ ನಾವೇ. ಬೊಜ್ಜು ಬರೀ ತಿನ್ನುವುದರಿಂದ ಬರುವುದಿಲ್ಲ. ವಂಶ, ಹಾರ್ಮೋನು, ಕೆಲವು ಔಷಧಿ, ನಿದ್ದೆ ಇಲ್ಲದಿರುವುದು, ಮನಸ್ಸಿನ ನೋವು ಎಲ್ಲವೂ ಸೇರಿರುತ್ತವೆ. ಬೈದರೆ ಯಾರೂ ತೆಳ್ಳಗಾಗುವುದಿಲ್ಲ. ನಾಚಿಕೆಯಿಂದ ಮನೆ ಬಿಟ್ಟು ಹೊರಬರುವುದಿಲ್ಲ, ದವಾಖಾನೆಗೂ ಹೋಗುವುದಿಲ್ಲ, ಅಷ್ಟೇ.

ಆ ಅಕ್ಕನಿಗೆ ಹೇಳಿದೆ: "ಮೊದಲು ರಾಯಚೂರಿನ ರಿಮ್ಸ್‌ಗೆ ಹೋಗಿ ಥೈರಾಯ್ಡ್, ಶುಗರ್, ಬಿಪಿ ತೋರಿಸ್ರಿ. ಮನಸ್ಸಿಗೆ ಭಾರ ಆದ್ರ 14416ಕ್ಕ ಫೋನ್ ಹಚ್ಚ್ರಿ, ಅದು ಸರ್ಕಾರದ ಟೆಲಿ ಮಾನಸ್, ರೊಕ್ಕ ಕೊಡೋದು ಬ್ಯಾಡ, ಕನ್ನಡದಾಗೇ ಮಾತಾಡ್ತಾರ. ಹೋಗುವಾಗ ಮನಿಯವರನ್ನ ಯಾರನ್ನಾದ್ರೂ ಕರ್ಕೊಂಡು ಹೋಗ್ರಿ."

"ಯಾರನ್ನ ಕರ್ಕೊಂಡು ಹೋಗ್ಲಿ ತಮ್ಮಾ? ಎಲ್ಲಾರೂ ನಗೋರೇ" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಅಕ್ಕ, ಅಣ್ಣ, ಮಗಳು ಇರಬಹುದು. ಜೊತೆಗೆ ಹೋಗುವವರು ನೀವಾಗಿ. ಇನ್ನು ಬಸ್ಸಿನಲ್ಲಿ ಯಾರಾದರೂ ಎರಡು ಟಿಕೆಟ್ ಎಂದರೆ ನಗಬೇಡಿ. ನಾನಂತೂ ಇನ್ನು ನಗುವುದಿಲ್ಲ.