ಮಾರ್ಪಡಿಸಿದ ಕಾರು, ಮಾರುವವನ ಹೊಣೆ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿಯೂ ಶಿವಾಜಿನಗರದ ಗುಜರಿ ಬೀದಿಗಳಲ್ಲಿಯೂ ಬಹುಕಾಲ ಓಡಾಡಿದವರಿಗೆ ಹೋಂಡಾ ಸಿಟಿಯ ಮೊದಲ ತಲೆಮಾರಿನ 1.5 ವಿಟೆಕ್ ಕಾರಿನ ಪರಿಚಯ ಹೇಳಬೇಕಾದ ಅಗತ್ಯವಿಲ್ಲ. 1998ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಸಿಟಿಯ ಸಾಲಿಗೆ ಕೆಲಕಾಲದ ತರುವಾಯ ಸೇರಿ, 2003ರಲ್ಲಿ ಹೊಸ ಮಾದರಿಗೆ ಸ್ಥಳ ಬಿಟ್ಟುಕೊಟ್ಟ ಆ ಕಾರು, ಒಂದು ಟನ್ನಿನ ಆಸುಪಾಸಿನ ಹಗುರವಾದ ಮೈಯೊಳಗೆ ನೂರಕ್ಕೂ ಮಿಕ್ಕಿದ ಅಶ್ವಶಕ್ತಿಯ ಇಂಜಿನನ್ನು ಹೊತ್ತು, ಸಂಸಾರಸ್ಥರ ವಾಹನವಾಗಿದ್ದುಕೊಂಡೇ ವೇಗಪ್ರಿಯರಾದ ತರುಣರ ಪ್ರೀತಿಗೂ ಪಾತ್ರವಾಯಿತು. ಆ ತರುಣರಲ್ಲಿ ಹಲವರು ಈಗ ನಡುವಯಸ್ಸಿನವರು. ಮಕ್ಕಳ ಶಾಲೆ, ವೃದ್ಧರಾದ ತಂದೆತಾಯಿಗಳ ಆರೈಕೆ, ಅಪಾರ್ಟ್‌ಮೆಂಟಿನಲ್ಲಿ ಒಂದೇ ಕಾರಿಗೆ ದೊರೆಯುವ ಜಾಗ, ಇವುಗಳ ಒತ್ತಡಕ್ಕೆ ಮಣಿದು, ವರ್ಷಗಟ್ಟಲೆ ಸಂಬಳದ ಹಣವನ್ನೂ ಭಾನುವಾರಗಳನ್ನೂ ಸುರಿದು ತಮ್ಮ ಇಚ್ಛೆಗೆ ತಕ್ಕಂತೆ ಮಾರ್ಪಡಿಸಿಕೊಂಡ ಕಾರುಗಳನ್ನು ಮಾರಲು ಹೊರಟಿದ್ದಾರೆ. ಈ ಮಾರಾಟದಲ್ಲಿ ಮಾರುವವನ ಮೇಲೆ ಬೀಳುವ ಹೊಣೆಯು ಸಾಮಾನ್ಯ ಕಾರನ್ನು ಮಾರುವವನ ಹೊಣೆಗಿಂತ ಬಹಳ ಗುರುತರವಾದುದೆಂದೂ, ಅದನ್ನು ಪ್ರಾಮಾಣಿಕವಾಗಿ ನಿರ್ವಹಿಸುವುದಕ್ಕೆ ನಮ್ಮ ಕಾನೂನೇ ಇಂದು ಅಡ್ಡಿಯಾಗಿ ನಿಂತಿದೆಯೆಂದೂ ನನ್ನ ದೃಢವಾದ ಅಭಿಪ್ರಾಯ.

ಕಾರ್ಖಾನೆಯಿಂದ ಹೊರಬಂದ ಸ್ಥಿತಿಯಲ್ಲಿಯೇ ಉಳಿದಿರುವ ಕಾರಿನ ಗುಣದೋಷಗಳನ್ನು ಅದೇ ಮಾದರಿಯ ಬೇರೆ ಕಾರುಗಳ ಅನುಭವದಿಂದ ಯಾವ ಮೆಕ್ಯಾನಿಕ್ ಬೇಕಾದರೂ ಊಹಿಸಬಲ್ಲ. ಮಾರ್ಪಟ್ಟ ಕಾರಾದರೋ ತನ್ನಂಥದು ಇನ್ನೊಂದಿಲ್ಲದ ವಸ್ತು. ಮೊದಲು ಏರ್ ಫಿಲ್ಟರ್ ಮತ್ತು ಸೈಲೆನ್ಸರ್, ಆಮೇಲೆ ಹೆಡರ್, ಕ್ಯಾಮ್‌ಶಾಫ್ಟ್, ತಗ್ಗಿಸಿದ ಸಸ್ಪೆನ್ಷನ್, ಕೊನೆಗೆ ಟರ್ಬೊ ಅಥವಾ ಬೇರೊಂದು ಇಂಜಿನ್, ಹೀಗೆ ಒಂದರ ಹಿಂದೊಂದಾಗಿ ಆದ ಬದಲಾವಣೆಗಳಲ್ಲಿ ಪ್ರತಿಯೊಂದೂ ಉಳಿದ ಭಾಗಗಳಿಂದ ಏನನ್ನೋ ಬೇಡುತ್ತದೆ. ಟರ್ಬೊವನ್ನೇ ನೋಡಿ. ತಾನಾಗಿ ಉಸಿರೆಳೆದುಕೊಳ್ಳುವಂತೆ ರಚಿತವಾದ ಇಂಜಿನಿನೊಳಕ್ಕೆ ಗಾಳಿಯನ್ನು ಬಲವಂತವಾಗಿ ನೂಕಿದಾಗ ಸಿಲಿಂಡರಿನೊಳಗಿನ ಒತ್ತಡವೂ ಉಷ್ಣವೂ ಏರುವುದರಿಂದ, ಅದಕ್ಕೆ ತಕ್ಕಷ್ಟು ಪೆಟ್ರೋಲು ಹೆಚ್ಚಾಗಿ ದೊರೆಯಬೇಕು, ಕಿಡಿ ಹಾರುವ ಕ್ಷಣವನ್ನು ತುಸು ತಡವಾಗಿಸಬೇಕು. ಇಂಜೆಕ್ಟರ್, ಫ್ಯೂಯೆಲ್ ಪಂಪ್, ಇಂಜಿನನ್ನು ನಿಯಂತ್ರಿಸುವ ಇಸಿಯು ಇವೆಲ್ಲ ಅದಕ್ಕೆ ಅನುಗುಣವಾಗಿ ಬದಲಾಗದಿದ್ದರೆ ಮಿಶ್ರಣವು ಅಕಾಲದಲ್ಲಿ ಸ್ಫೋಟಗೊಂಡು, ಗ್ಯಾರೇಜಿನವರು ನಾಕಿಂಗ್ ಎನ್ನುವ ಲೋಹದ ಸದ್ದಾಗಿ ಕೇಳಿಬಂದು, ಪಿಸ್ಟನ್ನಿನ ನೆತ್ತಿಯನ್ನು ತಿಂದುಹಾಕುತ್ತದೆ. ಬ್ರೇಕುಗಳು ಹಳೆಯ ಶಕ್ತಿಗೆ ಹೊಂದಿದವಾಗಿಯೇ ಉಳಿದಿದ್ದರಂತೂ ಅಪಾಯವು ಇಂಜಿನಿಗೆ ಮಾತ್ರ ಸೀಮಿತವಾಗದು. ಯಾವ ಭಾಗ ಎಲ್ಲಿಂದ ಬಂತು, ಇಸಿಯು ಯಾವ ಪೆಟ್ರೋಲಿಗೆ ಟ್ಯೂನ್ ಆಗಿದೆ, ಯಾವ ತೊಂದರೆಗೆ ತಾತ್ಕಾಲಿಕ ಪರಿಹಾರ ಮಾಡಿದೆ ಎಂಬುದು ಮಾರುವವನಿಗೂ ಅವನ ಮೆಕ್ಯಾನಿಕ್ಕಿಗೂ ಹೊರತು ಜಗತ್ತಿನಲ್ಲಿ ಮತ್ತಾರಿಗೂ ತಿಳಿಯದ ಸಂಗತಿ.

ಕೊಳ್ಳುವವನು ತನ್ನ ಮೆಕ್ಯಾನಿಕ್ಕನ್ನು ಕರೆತಂದು ಪರೀಕ್ಷಿಸಿಕೊಳ್ಳಲಿ ಎಂದು ಹೇಳಿ ಕೈತೊಳೆದುಕೊಳ್ಳುವವರುಂಟು. ಆ ಪರೀಕ್ಷೆ ಎಲ್ಲಿಯವರೆಗೆ ಹೋಗಬಲ್ಲುದೆಂಬುದನ್ನು ಹತ್ತಿರ ನಿಂತು ನೋಡಿದವರು ಹಾಗೆ ಹೇಳಲಾರರು. ಮೆಕ್ಯಾನಿಕ್ ಆಯಿಲ್ ಮುಚ್ಚಳವನ್ನು ತಿರುಗಿಸಿ ಅದರ ಒಳಮೈಯಲ್ಲಿ ಹಾಲಿನ ಬಣ್ಣದ ನೊರೆ ಕಟ್ಟಿದೆಯೇ ಎಂದು ಬೆರಳಾಡಿಸುತ್ತಾನೆ. ಕಟ್ಟಿದ್ದರೆ ಹೆಡ್ ಗ್ಯಾಸ್ಕೆಟ್ ಬಿಟ್ಟು ನೀರು ಆಯಿಲಿಗೆ ಸೇರಿರಬಹುದೆಂಬ ಸಂಶಯ. ಅನಂತರ ನಾಲ್ಕು ಸ್ಪಾರ್ಕ್ ಪ್ಲಗ್‌ಗಳನ್ನೂ ಬಿಚ್ಚಿ, ಬಾನೆಟ್ಟಿನ ಅಂಚಿನಲ್ಲಿ ಹಾಸಿದ ಬಟ್ಟೆಯ ಮೇಲೆ ಕ್ರಮವಾಗಿ ಇಟ್ಟು, ಒಂದೊಂದೇ ರಂಧ್ರಕ್ಕೆ ಕಂಪ್ರೆಷನ್ ಗೇಜನ್ನು ಬಿಗಿದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿಸಿ, ಸ್ಟಾರ್ಟರನ್ನು ತಿರುಗಿಸಿ ಮುಳ್ಳು ಏರಿದ ಮಟ್ಟವನ್ನು ಗುರುತು ಹಾಕಿಕೊಳ್ಳುತ್ತಾನೆ. ಮೂರು ಸಿಲಿಂಡರುಗಳಲ್ಲಿ ಸಮನಾಗಿ ನಿಂತ ಮುಳ್ಳು ನಾಲ್ಕನೆಯದರಲ್ಲಿ ಬಹಳ ಕೆಳಗೆ ನಿಂತರೆ ರಿಂಗಿನಲ್ಲಿಯೋ ವಾಲ್ವಿನಲ್ಲಿಯೋ ಗ್ಯಾಸ್ಕೆಟ್ಟಿನಲ್ಲಿಯೋ ದೋಷವಿದೆಯೆಂದು ಗೊತ್ತಾಗುತ್ತದೆ. ಆದರೆ ನಾಲ್ಕೂ ಸಮನಾಗಿ ನಿಂತ ಮಾತ್ರಕ್ಕೆ, ಕಳೆದ ವರ್ಷ ಪಿಸ್ಟನ್ ಕರಗಿ ಇಂಜಿನನ್ನು ಹೊಸದಾಗಿ ಕಟ್ಟಲಾಗಿತ್ತೆಂಬುದನ್ನಾಗಲಿ, ಟರ್ಬೊದ ಒತ್ತಡವನ್ನು ಮಾರಾಟಕ್ಕೆಂದು ಎರಡು ದಿನದ ಹಿಂದೆ ಇಳಿಸಲಾಗಿದೆಯೆಂಬುದನ್ನಾಗಲಿ ಯಾವ ಗೇಜೂ ತೋರಿಸದು. ಅದನ್ನು ಹೇಳಬೇಕಾದವನು ಪಕ್ಕದಲ್ಲಿ ನಿಂತ ಮಾಲೀಕನೇ.

ಆದುದರಿಂದ ಮಾರುವವನು ಕಾರಿನ ಸಂಪೂರ್ಣ ಚರಿತ್ರೆಯನ್ನು ಬರೆದು ಸಹಿಮಾಡಿ ಕೊಡತಕ್ಕದ್ದು. ರಸೀದಿಗಳೊಡನೆ, ಆದ ಅನಾಹುತಗಳೊಡನೆ, ಬಿಚ್ಚಿ ಅಟ್ಟದ ಮೇಲಿಟ್ಟ ಮೂಲ ಭಾಗಗಳೊಡನೆ ಕೊಡತಕ್ಕದ್ದು. ಹಳೆಯ ಸೈಲೆನ್ಸರನ್ನೂ ಸ್ಪ್ರಿಂಗುಗಳನ್ನೂ ಗುಜರಿಗೆ ತೂಗಿ ಹಾಕಿ ಬರುವ ಅಲ್ಪ ಹಣಕ್ಕಿಂತ ಅವು ಮುಂದಿನ ಮಾಲೀಕನಿಗೆ ನೂರ್ಮಡಿ ಉಪಯುಕ್ತವಾದವು. ಬೆಲೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ: ಸುರಿದ ಹಣ ಹಿಂದಿರುಗಲಾರದು, ಹಿಂದಿರುಗಬೇಕೆಂದು ಬಯಸುವುದು ನ್ಯಾಯವೂ ಅಲ್ಲ. ಆ ಹಣಕ್ಕೆ ದೊರೆಯಬೇಕಾದ ಸಂತೋಷವು ಮಾಲೀಕನಿಗೆ ಆಗಲೇ ದೊರೆತಿದೆ. ಕೈಹಾಕದ ಮೂಲ ಸ್ಥಿತಿಯ ಕಾರಿಗೆ ಕೊಳ್ಳುವವರು ಹೆಚ್ಚು ಬೆಲೆ ಕೊಡುವುದು ಹಲವು ವೇಳೆ ಕಂಡುಬರುವ ಸಂಗತಿ.

ಇಷ್ಟನ್ನೂ ಮಾಡಲು ಸಿದ್ಧನಾದ ಸಜ್ಜನನೊಬ್ಬನು ಕಾನೂನಿನ ಎದುರು ಯಾವ ಸ್ಥಿತಿಯಲ್ಲಿರುತ್ತಾನೆಂಬುದನ್ನು ಈಗ ಯೋಚಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕನು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸವನ್ನೋ ಒಂದೊಂದು ಬದಲಾವಣೆಗೆ 5,000 ರೂಪಾಯಿಯ ದಂಡವನ್ನೋ ಅಥವಾ ಎರಡನ್ನೂ ವಿಧಿಸಿತು. ಹೀಗಿರುವಾಗ ಬದಲಾವಣೆಗಳನ್ನು ಪಟ್ಟಿಮಾಡಿ ಸಹಿ ಹಾಕುವವನು ತನ್ನ ಅಪರಾಧದ ದಾಖಲೆಯನ್ನು ತಾನೇ ಬರೆದುಕೊಟ್ಟಂತಾಗುತ್ತದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ನವೀಕರಿಸುವಾಗ ಆರ್‌ಟಿಒ ತಪಾಸಣೆಯ ಹಿಂದಿನ ರಾತ್ರಿ ಹಳೆಯ ಸೈಲೆನ್ಸರನ್ನು ಜೋಡಿಸಿ, ತಪಾಸಣೆ ಮುಗಿದ ಸಂಜೆ ಬಿಚ್ಚಿಡುವ ಪದ್ಧತಿ ಬೆಳೆದುಬಂದಿರುವುದು ಇದರ ಫಲ. ಅಧಿಕಾರಿ ನೋಡುವ ಕಾರು ಒಂದು, ರಸ್ತೆಯಲ್ಲಿ ಓಡುವ ಕಾರು ಇನ್ನೊಂದು, ಆರ್‌ಸಿಯಲ್ಲಿರುವ ಕಾರು ಇವೆರಡೂ ಅಲ್ಲದ ಮೂರನೆಯದು. ಇದರಿಂದ ರಸ್ತೆಯ ಸುರಕ್ಷತೆಗೆ ಕಿಂಚಿತ್ತೂ ಲಾಭವಾಗಿಲ್ಲ.

ಕಾನೂನನ್ನು ಸಡಿಲಿಸಬೇಕೆಂದು ನಾನು ಹೇಳುತ್ತಿಲ್ಲ. ನಡುರಾತ್ರಿಯಲ್ಲಿ ಸೈಲೆನ್ಸರಿನ ಆರ್ಭಟದಿಂದ ಬೀದಿಯ ಶಿಶುಗಳನ್ನೂ ರೋಗಿಗಳನ್ನೂ ಎಬ್ಬಿಸುವವರ ಮೇಲೆ ನನಗೆ ಲೇಶಮಾತ್ರವೂ ಕನಿಕರವಿಲ್ಲ. ಆದರೆ ಶಬ್ದವನ್ನು ಅಳೆಯಬಹುದು, ಹೊಗೆಯನ್ನು ಅಳೆಯಬಹುದು, ಬ್ರೇಕಿನ ಶಕ್ತಿಯನ್ನು ಅಳೆಯಬಹುದು; ಬಚ್ಚಿಟ್ಟದ್ದನ್ನು ಮಾತ್ರ ಅಳೆಯಲಾಗದು. ಜರ್ಮನಿಯಲ್ಲಿ ಇಂಥ ಬದಲಾವಣೆಯನ್ನು ಟಿಯುವಿಯಂಥ ತಪಾಸಣಾ ಸಂಸ್ಥೆಯ ಎಂಜಿನಿಯರನು ಪರಿಶೀಲಿಸಿ ಒಪ್ಪಿದ ಮೇಲೆ ಅದು ವಾಹನದ ದಾಖಲೆಗೆ ಸೇರುತ್ತದೆ. ಜಪಾನಿನಲ್ಲಿಯೂ ರಚನೆ ಬದಲಾದ ವಾಹನಕ್ಕೆ ಪ್ರತ್ಯೇಕ ತಪಾಸಣೆಯಿದೆ. ನಮಗೂ ಈ ಮಾರ್ಗ ಅಪರಿಚಿತವಲ್ಲ. ಗ್ಯಾಸ್ ಕಿಟ್ ಜೋಡಿಸಿದರೆ ಆರ್‌ಸಿಯಲ್ಲಿ ನಮೂದಿಸುತ್ತೇವೆ. ಅಂಗವಿಕಲರ ಅನುಕೂಲಕ್ಕೆ ವಾಹನವನ್ನು ಮಾರ್ಪಡಿಸಲು ಕಾಯ್ದೆಯೇ ಅವಕಾಶ ಕೊಡುತ್ತದೆ. ಇಂಜಿನ್ ಬದಲಾವಣೆಗೂ ನೋಂದಣಿ ಪ್ರಾಧಿಕಾರದ ಅನುಮತಿ ಕೇಳುವ ದಾರಿಯುಂಟು. ಈ ಸಾಲಿಗೆ, ಅರ್ಹ ಎಂಜಿನಿಯರನ ಪ್ರಮಾಣಪತ್ರ ಪಡೆದು ತಪಾಸಣೆಯಲ್ಲಿ ತೇರ್ಗಡೆಯಾದ ಇತರ ಬದಲಾವಣೆಗಳನ್ನೂ ಸೇರಿಸಿ, ಆರ್‌ಸಿಯಲ್ಲಿ ಅವುಗಳಿಗೊಂದು ಅಂಕಣ ತೆರೆದರೆ, ಮಾರುವವನ ಪಟ್ಟಿಯೂ ಸರ್ಕಾರದ ದಾಖಲೆಯೂ ಒಂದೇ ಆಗುವುವು.

ಅಲ್ಲಿಯವರೆಗೆ ಮಾರುವವನ ಮುಂದೆ ಉಳಿಯುವುದು ಎರಡೇ ಪ್ರಾಮಾಣಿಕ ಮಾರ್ಗಗಳು. ಕಾರನ್ನು ಮೂಲ ಸ್ಥಿತಿಗೆ ತಂದು ಮಾರುವುದು ಮೊದಲನೆಯದು. ಅದೇ ಕಾನೂನಿಗೆ ಸಮ್ಮತವಾದುದು. ಎರಡನೆಯದು, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿಯೋ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿಯೋ ಓಡಿಸಲು ಯೋಗ್ಯ ಕಾರನ್ನು ಹುಡುಕುತ್ತಿರುವ ಬಲ್ಲವರಿಗೆ, ಅದು ರಸ್ತೆಗಲ್ಲವೆಂದು ಸ್ಪಷ್ಟವಾಗಿ ಬರೆದು ಮಾರುವುದು. ಬ್ರೋಕರನ ಕೈಗೆ ಮಾಲೀಕತ್ವ ವರ್ಗಾವಣೆಯ ಖಾಲಿ 29 ಮತ್ತು 30ನೆಯ ಫಾರಂಗಳಿಗೆ ಸಹಿ ಹಾಕಿ ಕೊಟ್ಟು, ಹಣ ಎಣಿಸಿಕೊಂಡು, ಕಾರು ಯಾರ ಮನೆ ಸೇರಿತೆಂದು ವಿಚಾರಿಸದೆ ಇರುವ ಮೂರನೆಯ ಮಾರ್ಗವನ್ನು ಬಹುಮಂದಿ ಹಿಡಿಯುತ್ತಾರೆ. ಆದರೆ ವರ್ಗಾವಣೆ ದಾಖಲಾಗುವವರೆಗೆ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕನೆಂದು, ಅಪಘಾತದ ಪರಿಹಾರದ ಹೊಣೆ ಅವನದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿಯೇ ತೀರ್ಪಿತ್ತಿದೆ. ಮಾರಿದವನು ಹೆಚ್ಚಿಸಿದ ಶಕ್ತಿಯ ಅರಿವಿಲ್ಲದ ಹುಡುಗನೊಬ್ಬ ಆ ಕಾರನ್ನು ತುಮಕೂರು ರಸ್ತೆಯಲ್ಲಿ ಡಿವೈಡರಿಗೆ ಗುದ್ದಿದರೆ ನೋಟಿಸು ಬರುವುದು ಹಳೆಯ ಮಾಲೀಕನ ಮನೆಗೆ. ಕೊಳ್ಳುವವನ ಹೆಸರು, ವಿಳಾಸ, ದಿನಾಂಕ, ಕೈಬದಲಾದ ಗಳಿಗೆ ಇವನ್ನು ತುಂಬಿದ ಫಾರಂಗಳೊಡನೆ ಇಬ್ಬರೂ ಕೂಡಿ ಆರ್‌ಟಿಒ ಕಚೇರಿಗೆ ಹೋಗಿ, ವಿಮೆಯ ಕಂಪನಿಗೂ ಅಂದೇ ಬರೆದು ತಿಳಿಸಿ, ಹೊಸ ಆರ್‌ಸಿಯ ಪ್ರತಿಯೊಂದನ್ನು ತನ್ನ ಬಳಿ ಇಟ್ಟುಕೊಂಡಾಗ ಮಾತ್ರ ಮಾರಾಟ ಮುಗಿಯಿತೆನ್ನಬಹುದು.