ಗೌರವಪ್ರತಿಯೆಂಬ ಅಗೌರವ

ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದನ್ನು ಸಭೆಗಳಲ್ಲಿ ಅಭಿಮಾನದಿಂದ ಹೇಳುವುದು ನಮ್ಮ ವಾಡಿಕೆ. ಕೇಳಿದವರು ಚಪ್ಪಾಳೆ ತಟ್ಟುವರು. ವಾಚಕ ಮಹಾಶಯರೇ, ಅದು ಅವರ ಹಿರಿಮೆಯಹುದು. ಆದರೆ ಆ ಹೊರೆಯನ್ನು ಅವರ ಮೇಲೆ ಹೊರಿಸಿದವರಾರು? ಕೊಳ್ಳದೆ ಕುಳಿತ ಕನ್ನಡಿಗರಲ್ಲವೆ?

ಇಂದಿಗೂ ನಮ್ಮ ನಡತೆ ತಿದ್ದಿಲ್ಲ. ಕಥೆಗಾರನು ನಿದ್ದೆಗೆಟ್ಟು ಬರೆದು, ಹತ್ತು ಸಲ ತಿದ್ದಿ, ಕರಡಚ್ಚು ನೋಡಿ ಕಣ್ಣು ನೋಯಿಸಿಕೊಂಡು ಪುಸ್ತಕವನ್ನು ತಂದರೆ, ಮಿತ್ರರ ಮೊದಲ ಮಾತು, "ನಮಗೊಂದು ಗೌರವಪ್ರತಿ ಇಲ್ಲವೆ?" ನನ್ನ ಕಥಾಸಂಗ್ರಹಕ್ಕೂ ಇದೇ ಗತಿಯಾಯಿತು. ಹಾಗೆ ಕೊಟ್ಟ ಪ್ರತಿಯೊಂದನ್ನು ವರುಷ ಕಳೆದ ಮೇಲೆ ನೋಡಿದೆನು. ಒಂದು ಹಾಳೆಯನ್ನೂ ಮಗುಚಿದ ಗುರುತಿರಲಿಲ್ಲ.

"ಸರಸ್ವತೀಸೇವೆಗೆ ಬೆಲೆ ಕಟ್ಟಬಾರದು" ಎಂದು ಕೆಲವರು ಉಪದೇಶಿಸುವರು. ಕಾವ್ಯಪ್ರಯೋಜನಗಳನ್ನೆಣಿಸುವಾಗ ಮಮ್ಮಟಾಚಾರ್ಯನೇ ಯಶಸ್ಸಿನ ಬೆನ್ನಿಗೆ ಅರ್ಥವನ್ನು ಹೇಳಿರುವನು. ಆಲಂಕಾರಿಕನಿಗಿಲ್ಲದ ಸಂಕೋಚವು ನಮಗೇಕೆ?

ಬರೆದವನಿಗೆ ಫಲವೇ ಇಲ್ಲವೆಂದಲ್ಲ. ಅಪರಿಚಿತ ಗೃಹಿಣಿಯೊಬ್ಬರು ಒಮ್ಮೆ ಸಂತೆಯಲ್ಲಿ ನನ್ನನ್ನು ತಡೆದು, "ಮೇಷ್ಟ್ರೇ, ಕಥೆಯಲ್ಲಿ ಆ ಸೊಸೆಯನ್ನು ಯಾಕೆ ಸಾಯಿಸಿದಿರಿ? ತವರಿಗೆ ಕಳಿಸಬಾರದಿತ್ತೆ?" ಎಂದು ಗದರಿಸಿದರು. ನಾನು ನಿರುತ್ತರನಾದೆನು, ಧನ್ಯನೂ ಆದೆನು. ಆಕೆ ಪುಸ್ತಕವನ್ನು ಹಣ ಕೊಟ್ಟು ಕೊಂಡಿದ್ದರು.

ಮಹನೀಯರೇ, ಲೇಖಕನಿಗೆ ಹಾರ ಬೇಡ, ಶಾಲು ಬೇಡ. ಒಂದು ಪ್ರತಿಯನ್ನು ಕೊಳ್ಳಿರಿ, ಓದಿರಿ, ಹಿಡಿಸದಿದ್ದರೆ ಬೈಯಿರಿ. ಅದೇ ಗೌರವ.