ಹೊಲಿಗೆಯ ಮೂಲೆ: ಯಂತ್ರದ ಮೇಲೆ ಕೌದಿ

ಈಚೆಗೆ ನಮ್ಮ ಕೈಸೇರುತ್ತಿರುವ ಕಾಗದಗಳಲ್ಲಿ ಒಂದೇ ಬಗೆಯ ದೂರು ಮತ್ತೆ ಮತ್ತೆ ಕಾಣಿಸುತ್ತಿದೆ. ಕೌದಿಯನ್ನು ಕೈಯಿಂದ ಹೊಲಿಯುವಷ್ಟು ವ್ಯವಧಾನವಿಲ್ಲದ ಸೋದರಿಯರು ಅದನ್ನು ಮನೆಯ ಹೊಲಿಗೆಯಂತ್ರದ ಮೇಲೆ ಹೊಲಿಯಲು ಹೊರಟಿದ್ದಾರೆ. ಅದೂ ಬರಿಯ ನೇರ ಸಾಲುಗಳನ್ನಲ್ಲ. ಬಟ್ಟೆಯನ್ನು ಎರಡು ಕೈಗಳಿಂದ ಬೇಕಾದತ್ತ ಜಾರಿಸುತ್ತ ಬಳ್ಳಿ, ಸುರುಳಿ, ಮಾವಿನಕಾಯಿಗಳನ್ನು ಬಿಡಿಸುವ ಹೊಲಿಗೆಯನ್ನು. ಒಬ್ಬರು ತೀರಿಕೊಂಡ ತಾಯಿಯ ಐದು ನೂಲಿನ ಸೀರೆಗಳನ್ನು ಜೋಡಿಸಿ, ಮಗಳ ಬಾಣಂತನಕ್ಕೆಂದು ಪುಟ್ಟ ಕೌದಿಯೊಂದನ್ನು ಆರಂಭಿಸಿದರಂತೆ. ಹತ್ತು ಹೊಲಿಗೆ ಬೀಳುವಷ್ಟರಲ್ಲಿ ಕೆಳಗೆ ನೂಲು ಗುಬ್ಬಿಯ ಗೂಡಿನಂತೆ ಸಿಕ್ಕುಗಟ್ಟಿತು. ಎಳೆದು ಬಿಡಿಸಹೋದಾಗ ಸೀರೆ ಬೆರಳುದ್ದ ಹರಿಯಿತು. "ಉಳಿದುದನ್ನು ಮುಟ್ಟಲು ಕೈ ನಡುಗುತ್ತದೆ. ಬಾಬಿನ್ನಿನ ತಿರುಪನ್ನು ಎಷ್ಟು ಬಿಗಿ ಮಾಡಬೇಕು, ದಯವಿಟ್ಟು ತಿಳಿಸಿ" ಎಂದು ಕೇಳಿದ್ದಾರೆ.

ಆ ತಿರುಪನ್ನು ಸದ್ಯಕ್ಕೆ ಮುಟ್ಟಬೇಡಿ ಎಂಬುದೇ ನಮ್ಮ ಮೊದಲ ಉತ್ತರ.

ಸಾಮಾನ್ಯ ಹೊಲಿಗೆಯಲ್ಲಿ ಬಟ್ಟೆಯನ್ನು ಮುಂದಕ್ಕೆ ಒಯ್ಯುವುದು ಸೂಜಿತಟ್ಟೆಯ ಸೀಳಿನಿಂದ ತಲೆಯೆತ್ತುವ ಗರಗಸದಂಥ ಹಲ್ಲುಗಳು. ಏಳುವುದು, ಮುಂದೊತ್ತುವುದು, ಇಳಿಯುವುದು, ಹಿಂದೆ ಸರಿಯುವುದು: ಈ ನಾಲ್ಕು ಚಲನೆಗಳ ಏರ್ಪಾಟಿಗೆ ಅಮೆರಿಕದ ಅಲನ್ ವಿಲ್ಸನ್ ಎಂಬಾತನು 1854ರಲ್ಲಿ ಪೇಟೆಂಟ್ ಪಡೆದನು. ಇಂದಿನ ಮನೆಯಂತ್ರಗಳೂ ಅದೇ ತತ್ತ್ವದ ಮೇಲೆ ನಡೆಯುತ್ತವೆ. ಚಿತ್ತಾರದ ಹೊಲಿಗೆಯಲ್ಲಿ ಈ ಹಲ್ಲುಗಳಿಗೆ ರಜೆ ಕೊಟ್ಟು, ಅವುಗಳ ಕೆಲಸವನ್ನು ನಮ್ಮ ಕೈಗಳು ವಹಿಸಿಕೊಳ್ಳುತ್ತವೆ. ಕೆಲವು ಯಂತ್ರಗಳಲ್ಲಿ ಹಲ್ಲನ್ನು ಇಳಿಸಲು ಗುಂಡಿಯೋ ತಿರುಪೋ ಇರುತ್ತದೆ. ಇಲ್ಲದಿದ್ದಲ್ಲಿ ಹೊಲಿಗೆಯ ಉದ್ದವನ್ನು ಸೊನ್ನೆಗೆ ತಂದರೆ ಹಲ್ಲು ಎದ್ದಿಳಿದರೂ ಬಟ್ಟೆಯನ್ನು ಒಯ್ಯಲಾರದು. ಮಾಮೂಲು ಪಾದವನ್ನು ತೆಗೆದು, ಅದರ ಸ್ಥಳದಲ್ಲಿ ಸ್ಪ್ರಿಂಗ್ ಉಳ್ಳ ರಫೂ ಪಾದವನ್ನು ಹಾಕಬೇಕು. ಸೂಜಿ ಇಳಿದಾಗ ಅದು ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ, ಸೂಜಿ ಎದ್ದಾಗ ಸಡಿಲಬಿಡುತ್ತದೆ. ಪಾದವೇ ಇಲ್ಲದೆ ಹೊಲಿದರೆ ಬಟ್ಟೆ ಸೂಜಿಯೊಡನೆ ಮೇಲೇಳುತ್ತದೆ. ಕೆಳಗಿನ ಕೊಕ್ಕೆಗೆ ನೂಲಿನ ಕುಣಿಕೆ ಸಿಕ್ಕದೆ ಹೊಲಿಗೆ ತಪ್ಪುತ್ತದೆ. ಬೆರಳಿಗೂ ಅಪಾಯ.

ಗುಬ್ಬಿಗೂಡಿನ ಮೂಲವೂ ಈ ಪಾದದಲ್ಲಿಯೇ ಇದೆ. ಸನ್ನೆಯನ್ನು ಕೆಳಗಿಳಿಸಿದ ಮೇಲೂ ರಫೂ ಪಾದ ಬಟ್ಟೆಯ ಮೇಲೆ ತುಸು ತೇಲಿಯೇ ನಿಲ್ಲುವುದರಿಂದ, ಇಳಿಸಿದೆವೋ ಇಲ್ಲವೋ ಎಂಬುದು ಕಣ್ಣಿಗೆ ತಿಳಿಯದು. ಸನ್ನೆ ಮೇಲಿದ್ದರೆ ಮೇಲಿನ ನೂಲನ್ನು ಬಿಗಿಹಿಡಿಯುವ ಎರಡು ಬಿಲ್ಲೆಗಳು ಬಾಯ್ದೆರೆದಿರುತ್ತವೆ. ಆಗ ಕೆಳಗಿನ ಕೊಕ್ಕೆ ಎಳೆದಷ್ಟೂ ನೂಲು ಹರಿದುಬಂದು ಬಟ್ಟೆಯ ಅಡಿಯಲ್ಲಿ ರಾಶಿಬೀಳುತ್ತದೆ. ರಾಶಿ ಕೆಳಗಿರುವುದನ್ನು ಕಂಡು ಎಲ್ಲರೂ ಬಾಬಿನ್ನನ್ನು ಶಂಕಿಸುತ್ತಾರೆ. ಆದರೆ ಕೆಳಗೆ ಸಡಿಲವಾಗಿ ಕಾಣುವ ನೂಲು ಸಾಮಾನ್ಯವಾಗಿ ಮೇಲಿನಿಂದ ಬಂದುದು. ಅಪರಾಧಿ ಮೇಲಂತಸ್ತಿನವನು, ದಂಡನೆ ಕೆಳಮನೆಯವನಿಗೆ! ಆದುದರಿಂದ ನೂಲನ್ನು ಪೋಣಿಸುವಾಗ ಸನ್ನೆಯನ್ನು ಎತ್ತಿರಿ, ಅದು ಬಿಲ್ಲೆಗಳ ನಡುವೆ ಚೆನ್ನಾಗಿ ಕೂರಲಿ. ಹೊಲಿಯುವ ಮುನ್ನ ಸನ್ನೆಯನ್ನು ತಪ್ಪದೆ ಇಳಿಸಿರಿ. ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಬಾಬಿನ್ನಿನ ನೂಲನ್ನು ಬಟ್ಟೆಯ ಮೇಲಕ್ಕೆ ತಂದು, ಎರಡು ಎಳೆಗಳನ್ನೂ ಹಿಡಿದುಕೊಂಡು ನಾಲ್ಕೈದು ಕಿರುಹೊಲಿಗೆ ಹಾಕಿರಿ. ಇಷ್ಟರಿಂದಲೇ ಬಹುತೇಕ ಗೂಡುಗಳು ನಿಂತುಹೋಗುತ್ತವೆ.

ಇಷ್ಟಾಗಿಯೂ ಸಿಕ್ಕು ಬಿದ್ದರೆ ಎಳೆಯಲೇ ಕೂಡದು. ಸನ್ನೆಯನ್ನೂ ಸೂಜಿಯನ್ನೂ ಎತ್ತಿ, ಕೆಳಗಿನ ಬಾಬಿನ್ ಕೇಸನ್ನು ಹೊರತೆಗೆದು, ತಟ್ಟೆಗೂ ಬಟ್ಟೆಗೂ ನಡುವಿನ ಎಳೆಗಳನ್ನು ಸಣ್ಣ ಕತ್ತರಿಯಿಂದ ಒಂದೊಂದಾಗಿ ಕತ್ತರಿಸಬೇಕು. ನೂಲು ಹೋದರೆ ಹೋಗಲಿ, ಸೀರೆ ಉಳಿಯಲಿ.

ಇನ್ನು ಕೈಕಾಲುಗಳ ಹೊಂದಾಣಿಕೆ. ಹಲ್ಲು ರಜೆಯಲ್ಲಿರುವಾಗ ಹೊಲಿಗೆಯ ಉದ್ದವನ್ನು ನಿರ್ಣಯಿಸುವುದು ಕೈಯ ವೇಗ ಮತ್ತು ಯಂತ್ರದ ವೇಗ, ಇವೆರಡೇ. ಬಟ್ಟೆಯನ್ನು ಬೇಗ ಸರಿಸಿ ಯಂತ್ರವನ್ನು ನಿಧಾನವಾಗಿ ತುಳಿದರೆ ಹೊಲಿಗೆ ಉದ್ದುದ್ದವಾಗುತ್ತದೆ. ಸೂಜಿ ಬಟ್ಟೆಯೊಳಗಿರುವಾಗಲೇ ಎಳೆದಂತಾಗಿ, ಬಾಗಿ, ತಟ್ಟೆಗೆ ತಾಗಿ ಮುರಿಯುತ್ತದೆ. ಬಳ್ಳಿಯ ತಿರುವುಗಳಲ್ಲಿ ಕೈ ತಾನಾಗಿ ಓಡುತ್ತದೆ. ಅಲ್ಲಿ ಮಾತ್ರ ಹಿಂಬದಿಯಲ್ಲಿ ಕಣ್ಣೆವೆಯಂಥ ಸಣ್ಣ ಕುಣಿಕೆಗಳು ಸಾಲುಗಟ್ಟಿದ್ದರೆ ಯಂತ್ರವನ್ನು ದೂರಬೇಡಿ, ಕೈಯನ್ನು ತಡೆಯಿರಿ. ಅಂಗುಲಕ್ಕೆ 10ರಿಂದ 12 ಹೊಲಿಗೆ ಸಾಕು. ಬಳಸಿ ಸವೆದ ಸೀರೆಯಲ್ಲಿ ಅದಕ್ಕಿಂತ ಒತ್ತಾಗಿ ಹೊಲಿದರೆ ತೂತುಗಳ ಸಾಲಿನಗುಂಟ ಬಟ್ಟೆ ಸೀಳುತ್ತದೆ. ಕಾಲಿನಿಂದ ತುಳಿಯುವ ಯಂತ್ರ ಈ ಕೆಲಸಕ್ಕೆ ಮೋಟಾರಿನದಕ್ಕಿಂತ ವಿಧೇಯವೆಂದೇ ನಮ್ಮ ಅಭಿಪ್ರಾಯ. ಕೈಯಿಂದ ತಿರುಗಿಸುವ ಯಂತ್ರ ಮಾತ್ರ ಬೇಡ; ಒಂದು ಕೈ ಹಿಡಿಕೆಗೆ ಹೋದರೆ ಕೌದಿಯನ್ನು ನಡೆಸುವವರಾರು?

ಕೌದಿಯ ಭಾರವೂ ಒಂದು ಶತ್ರು. ಮೇಜಿನಿಂದ ಜೋತುಬಿದ್ದ ಭಾಗವು ಸೂಜಿಯನ್ನು ಸದಾ ತನ್ನತ್ತ ಜಗ್ಗುತ್ತದೆ. ಎಡಕ್ಕೂ ಹಿಂದಕ್ಕೂ ಅದೇ ಎತ್ತರದ ಸ್ಟೂಲನ್ನೋ ಪೆಟ್ಟಿಗೆಯನ್ನೋ ಇಟ್ಟುಕೊಳ್ಳಿರಿ. ಪದರಗಳಿಗೆ ಮೊದಲೇ ಉದ್ದನೆಯ ಕಚ್ಚಾ ಹೊಲಿಗೆ ಹಾಕಿ, ನಡುವಿನಿಂದ ಹೊರಗೆ ಹೊಲಿಯುತ್ತ ಸಾಗಿದರೆ ನೆರಿಗೆ ಬೀಳದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆಯ ಸಿದ್ದಿ ಹೆಂಗಸರು ಇದಕ್ಕೆ ವಿರುದ್ಧವಾಗಿ, ಒಂದು ಮೂಲೆಯಿಂದ ಹೊರಟು ಅಂಚನ್ನು ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಆದರೆ ಅದು ಕೈಹೊಲಿಗೆ. ಪ್ರತಿ ಹೊಲಿಗೆಯಲ್ಲೂ ಬೆರಳು ಬಟ್ಟೆಯನ್ನು ಸವರಿ ಸರಿಪಡಿಸುತ್ತದೆ. ಆ ಸೌಲಭ್ಯ ಯಂತ್ರಕ್ಕಿಲ್ಲ. ಅವರು ಮೂಲೆಗಳಲ್ಲಿ ಮುಕ್ಕೋನದ ತುಂಡುಗಳನ್ನು ಪದರಪದರವಾಗಿ ಇರಿಸಿ ಹೊಲಿಯುವ "ಫುಲ"ವನ್ನು ನೋಡಿದವರಿಗೆ, ಹರಿದ ಸೀರೆಗೊಂದು ಉಪಾಯ ತಾನೇ ಹೊಳೆಯುತ್ತದೆ: ಬೆರಳುದ್ದದ ಆ ಹರಕಿನ ಮೇಲೆ ಅದೇ ಸೀರೆಯ ಸೆರಗಿನಿಂದ ಒಂದು ಹೂವಿನ ತುಂಡನ್ನು ಕೈಯಿಂದ ಹೊಲಿಯಿರಿ. ಜರಿಯ ಅಂಚನ್ನು ಮಾತ್ರ ಮೊದಲೇ ಬಿಡಿಸಿಟ್ಟುಕೊಳ್ಳಿ. ಜರಿ ಸೂಜಿಯನ್ನು ಮೊಂಡುಮಾಡುತ್ತದೆ, ಸೂಜಿ ಜರಿಯನ್ನು ಕಡಿಯುತ್ತದೆ.

ಸೂಜಿಯ ಮಾತು ಬಂದಿತಲ್ಲ. ಐದು ಪದರಕ್ಕೆ 14ನೆಯ ನಂಬರಿನ ಹೊಸ ಸೂಜಿ ಹಾಕಿರಿ, ಏಳೆಂಟು ಗಂಟೆ ಹೊಲಿದ ಮೇಲೆ ಬದಲಿಸಿರಿ. ಸೂಜಿಯ ಉದ್ದನೆಯ ಗೀರು ಯಾವ ಕಡೆಗಿದೆಯೋ ಆ ಕಡೆಯಿಂದಲೇ ನೂಲು ಕಣ್ಣನ್ನು ಹೊಗಬೇಕು. ತಿರುಗುಮುರುಗಾದರೆ ಹೊಲಿಗೆ ತಪ್ಪುವುದು, ನೂಲು ತುಂಡಾಗುವುದು ಎರಡೂ ಉಂಟು. ಹಳೆಯ ಬಟ್ಟೆ ಬಹಳ ನವಿರನ್ನು ಉದುರಿಸುತ್ತದೆ. ಬಾಬಿನ್ ಬದಲಿಸುವಾಗಲೆಲ್ಲ ಕೊಕ್ಕೆಯ ಸುತ್ತ ಕುಂಚದಿಂದ ಸವರಿ ತೆಗೆಯಬೇಕು.

ಇಷ್ಟೆಲ್ಲವನ್ನೂ ನೋಡಿಯಾದ ಮೇಲೆ ತಿರುಪಿನ ಸರದಿ. ಅದೇ ಬಟ್ಟೆಯ ಅದೇ ಪದರಗಳ ಚೂರಿನ ಮೇಲೆ ಹೊಲಿದು ನೋಡಿರಿ. ಕೆಳಗಿನ ನೂಲು ಮೇಲೆ ಚುಕ್ಕಿಯಾಗಿ ಇಣುಕಿದರೆ ಮೇಲಿನ ಬಿಗಿಯನ್ನು ತುಸು ಸಡಿಲಿಸಿರಿ. ಮೇಲಿನ ನೂಲು ಕೆಳಗೆ ಇಣುಕಿದರೆ ತುಸು ಬಿಗಿಮಾಡಿರಿ. ಬಾಬಿನ್ ಕೇಸನ್ನು ಅದರ ನೂಲಿನಿಂದಲೇ ತೂಗುಬಿಟ್ಟಾಗ ಅದು ನಿಂತು, ಮೆಲ್ಲನೆ ಜಗ್ಗಿದಾಗ ಅಂಗುಲದಷ್ಟು ಇಳಿದರೆ ಅದರ ತಿರುಪಿಗೆ ಕೈಹಾಕುವ ಕಾರಣವೇ ಇಲ್ಲ. ಕೈಹಾಕಲೇಬೇಕಾದರೆ ಗಡಿಯಾರದ ದೊಡ್ಡ ಮುಳ್ಳು 5 ನಿಮಿಷದಲ್ಲಿ ಸರಿಯುವಷ್ಟು ಮಾತ್ರ.

ಚಿತ್ತಾರ ಮುಗಿದು ಅಂಚುಪಟ್ಟಿಗೆ ಬಂದಾಗ ಹಲ್ಲನ್ನು ಮತ್ತೆ ಮೇಲೇರಿಸಿ, ಹೊಲಿಗೆಯ ಉದ್ದವನ್ನು ಮೊದಲಿನಂತೆ ಇರಿಸಿ, ಮಾಮೂಲು ಪಾದವನ್ನೇ ಹಾಕಿಕೊಳ್ಳಿರಿ.